ಕಂಡಕ್ಟರ್ ಜಯನ ತೊಡೆಯೂ ಗಾಳಿ ಎಳೆಯುವ ಯಂತ್ರವೂ

ನಾನು ಓದು ನಿಲ್ಲಿಸಿದ್ದು ೧೯೭೬ರಲ್ಲಿ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ನಡುವೆ. ನಡುವೆ ಎಂದರೆ ನಡುವೆಯೇ. ಪ್ರಶ್ನೆ ಹೀಗಿತ್ತು: ಒಂದು ತೊಟ್ಟಿಗೆ ನಳ್ಳಿಯಿಂದ ನೀರು ಬೀಳುತ್ತದೆ, ತಳದ ತೂತಿನಿಂದ ನೀರು ಸೋರುತ್ತದೆ, ತೊಟ್ಟಿ ತುಂಬಲು ಎಷ್ಟು ಗಂಟೆ ಬೇಕು? ನಾನು ಬಹಳ ಹೊತ್ತು ಯೋಚಿಸಿ 'ಮೊದಲು ತೂತು ಮುಚ್ಚಬೇಕು' ಎಂದು ಬರೆದೆ. ಮಾಷ್ಟ್ರು ಹಿಂದಿನಿಂದ ಬಂದು ಅದನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿ ಹೇಳಿದರು. ಕ್ಲಾಸು ನಕ್ಕಿತು. ನಾನು ಉತ್ತರ ಪತ್ರಿಕೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದೆ. ನನ್ನ ಉತ್ತರ ಸರಿ ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಆಮೇಲೆ ಎಂಟು ವರ್ಷ ಹೊಸಂಗಡಿಯ ಒಂದು ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ಪಂಕ್ಚರ್ ಹಾಕಿದೆ. ಅಲ್ಲಿಂದ ಹೈವೇ ಬದಿಯ ಆಸ್ಪತ್ರೆಗೆ ನೆಲ ಒರೆಸಲು ಹೋದವನು ಡ್ರೆಸ್ಸಿಂಗ್ ರೂಮಿನ ಒಳಗೆ ಹೇಗೆ ಸೇರಿಕೊಂಡೆ ಎಂಬುದನ್ನು ಬರೆದರೆ ಅದು ಬಡ್ತಿಯ ಕತೆಯಾಗುತ್ತದೆ. ಅಂಥ ಕತೆ ಕೇಳಲಿಕ್ಕೆ ನನ್ನ ಹೆಂಡತಿಗೂ ಪುರುಸೊತ್ತಿಲ್ಲ. ಆದ್ದರಿಂದ ಗಾಯದ ಕೆಲಸಕ್ಕೆ ಈಗ ಹೊಸದಾಗಿ ಬರುವವರಿಗೆ ಉಪಯೋಗವಾಗುವಷ್ಟನ್ನೇ ಬರೆಯುತ್ತೇನೆ. ಇದರಲ್ಲಿ ನಾನು ಮಾಡಿದ ತಪ್ಪುಗಳೂ ಇವೆ. ತಪ್ಪುಗಳನ್ನು ಬರೆಯುವಾಗ ಕೈ ಸ್ವಲ್ಪ ನಿಧಾನವಾಗುತ್ತದೆ, ಆದರೂ ಬರೆಯುತ್ತೇನೆ.

ನಾನು ಸೇರಿದ ಕಾಲದಲ್ಲಿ ದೊಡ್ಡ ಗಾಯ ಎಂದರೆ ದೊಡ್ಡ ಹತ್ತಿಬಟ್ಟೆ. ಬೆಳಿಗ್ಗೆ ತುಂಬಿಸುವುದು, ಸಂಜೆ ತೆಗೆಯುವುದು. ತೆಗೆಯುವಾಗ ರೋಗಿ ಕೂಗುವುದು, ನಾವು 'ಆಯಿತು, ಆಯಿತು' ಎನ್ನುವುದು. ಆಗಿರುತ್ತಿರಲಿಲ್ಲ. ತೊಡೆಯಲ್ಲೋ ಬೆನ್ನಲ್ಲೋ ಮಾಂಸದೊಳಗೆ ಬೆಳೆದ ಗಡ್ಡೆಯನ್ನು ಸುತ್ತಲಿನ ಮಾಂಸ ಸಮೇತ ತೆಗೆದರೆ ಅಲ್ಲಿ ಒಂದು ಹೊಂಡವೇ ಉಳಿಯುತ್ತದೆ. ಆ ಹೊಂಡ ತುಂಬುವ ತನಕ ಎರಡು ತಿಂಗಳು ರೋಗಿಗೂ ನಮಗೂ ಬೆಳಗಿನ ತಿಂಡಿ ರುಚಿಸುತ್ತಿರಲಿಲ್ಲ.

ಒಂದು ದಿನ ನಮ್ಮ ಸರ್ಜನ್ ಡಾಕ್ಟರ್ ಪ್ರಸನ್ನ ಒಂದು ಹೊಸ ವಿಷಯ ತಂದರು. ಅವರು ದೊಡ್ಡ ಆಪರೇಷನ್‌ಗಳನ್ನು ಮಂಗಳೂರಿನಲ್ಲಿ ಮಾಡಿ, ಮಂಗಳವಾರ ಮತ್ತು ಶುಕ್ರವಾರ ನಮ್ಮಲ್ಲಿಗೆ ಬರುವವರು. "ಐತಪ್ಪ, ಗಾಯದ ಮೇಲೆ ಸ್ಪಂಜು ಇಟ್ಟು, ಮೇಲಿನಿಂದ ಪ್ಲಾಸ್ಟಿಕ್ ಅಂಟಿಸಿ, ಒಳಗಿನ ಗಾಳಿಯನ್ನು ಮೆಷಿನ್‌ನಲ್ಲಿ ಎಳೆದರೆ ಗಾಯ ಬೇಗ ತುಂಬ್ತದೆ. ಕಂಪೆನಿಯ ಮೆಷಿನ್ ಬರುವವರೆಗೆ ನಾವೇ ಮಾಡಿ ನೋಡುವ. ನೀವು ಸ್ವಲ್ಪ ಸ್ಪಂಜು ತನ್ನಿ" ಎಂದರು.

ನಾನು ಹಾಸಿಗೆ ಅಂಗಡಿಗೆ ಹೋದೆ. ಅಂಗಡಿಯವನು ಕೇಳಿದ, "ಸಿಂಗಲ್ಲಾ, ಡಬಲ್ಲಾ?"

"ಒಂದು ತೊಡೆಯಷ್ಟು" ಎಂದೆ.

ಅವನು ನನ್ನನ್ನು ಬಹಳ ಹೊತ್ತು ನೋಡಿ, ಒಳಗಿನಿಂದ ಅಪ್ಪನನ್ನು ಕರೆದುಕೊಂಡು ಬಂದ.

ಹೇಗೋ ಒಂದು ಹಳದಿ ತುಂಡು ತಂದು ಕ್ರಿಮಿ ಸಾಯುವ ಹಾಗೆ ಹಬೆಯ ಯಂತ್ರದಲ್ಲಿ ಇಟ್ಟೆ. ಎಷ್ಟು ಹೊತ್ತು ಇಡಬೇಕೆಂದು ಯಾರೂ ಹೇಳಿರಲಿಲ್ಲ. ಹೆಚ್ಚು ಇಟ್ಟರೆ ಹೆಚ್ಚು ಶುದ್ಧ ಎಂದು ನನ್ನ ಲೆಕ್ಕ. ತೆರೆದಾಗ ಒಳಗೆ ಸ್ಪಂಜು ಇರಲಿಲ್ಲ, ತಟ್ಟೆಗೆ ಅಂಟಿದ ಕಂದು ಬಣ್ಣದ ಒಂದು ವಸ್ತು ಇತ್ತು. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಏಲಿಯಮ್ಮ ಸಿಸ್ಟರ್ ಕೋಟ್ಟಯಂ ಕಡೆಯವರು. ಇಪ್ಪತ್ತೈದು ವರ್ಷ ಇಲ್ಲಿ ಇದ್ದು ಕನ್ನಡವನ್ನು ಮಲಯಾಳದ ರಾಗದಲ್ಲಿ ಮಾತಾಡುವವರು. ಅವರು ಅದನ್ನು ಚಿಮಟಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಎಂದಾ ಐತಪ್ಪ ಇದು? ಹಪ್ಪಳವಾ? ರೋಗಿಗಾ, ಊಟಕ್ಕಾ?" ಎಂದರು. ಅದಾದ ಮೇಲೆ ಒಂದು ವರ್ಷ ಕ್ಯಾಂಟೀನಿನಲ್ಲಿ ನನಗೆ ಹಪ್ಪಳ ಬಡಿಸುವಾಗ ಎಲ್ಲರೂ ಕೆಮ್ಮುತ್ತಿದ್ದರು.

ಮತ್ತೆ ಕಂಪೆನಿಯ ಯಂತ್ರವೇ ಬಂತು. ಅದರ ಜೊತೆ ಮೇ ತಿಂಗಳ ಸೆಕೆಯಲ್ಲಿ ಕುತ್ತಿಗೆಗೆ ಟೈ ಕಟ್ಟಿದ ಒಬ್ಬ ಮನುಷ್ಯನೂ ಬಂದ. ಅವನು ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತಾಡಿ, ಮಾಡಿ ತೋರಿಸಲು ಗಾಯದಂಥದ್ದು ಏನಾದರೂ ಬೇಕು ಎಂದ. ಕ್ಯಾಂಟೀನಿನಿಂದ ಒಂದು ಪಪ್ಪಾಯಿ ತರಿಸಿದರು. ಚೆನ್ನಾಗಿ ಹಣ್ಣಾದದ್ದು. ಅದರಲ್ಲಿ ಹೊಂಡ ಮಾಡಿ, ಕಪ್ಪು ಸ್ಪಂಜು ಇಟ್ಟು, ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ನಡುವೆ ತೂತು ಮಾಡಿ, ನಳಿಗೆ ಜೋಡಿಸಿ ಸ್ವಿಚ್ ಹಾಕಿದ. ಯಂತ್ರ ಗುಂಯ್ ಎಂದಿತು. ಸ್ಪಂಜು ಒಣದ್ರಾಕ್ಷಿಯ ಹಾಗೆ ಕುಗ್ಗಿತು. ಅದರ ಹಿಂದೆಯೇ ಪಪ್ಪಾಯಿಯೂ ಕುಗ್ಗಿತು. ನೋಡುತ್ತಿದ್ದ ಹಾಗೆ ರಸ ನಳಿಗೆಯಲ್ಲಿ ಹರಿದು ಯಂತ್ರದ ಡಬ್ಬಿ ತುಂಬಿ, ಅದು ಕೂಗಿಕೊಂಡಿತು. ನಾವೆಲ್ಲ ಚಪ್ಪಾಳೆ ಹೊಡೆದೆವು. ಅದು ಪಾಠದ ಭಾಗವೆಂದು ನಾವು ತಿಳಿದದ್ದು. ಅವನ ಮುಖ ನೋಡಿದ ಮೇಲೆ ನಿಲ್ಲಿಸಿದೆವು.

ಆದರೆ ಆ ಪಪ್ಪಾಯಿಯಿಂದ ನನಗೆ ಕೆಲಸ ಅರ್ಥವಾಯಿತು. ಸ್ಪಂಜನ್ನು ಗಾಯದ ಅಳತೆಗೇ ಕತ್ತರಿಸಬೇಕು, ಒಳ್ಳೆಯ ಚರ್ಮದ ಮೇಲೆ ಏರಬಾರದು. ಹಾಳೆ ಎಲ್ಲ ಕಡೆ ಬಿಗಿಯಾಗಿ ಕೂತಿರಬೇಕು. ಗಾಳಿ ಎಳೆದಾಗ ಕೊಳೆ ನೀರು ಹೊರಗೆ ಬರುತ್ತದೆ, ಗಾಯದ ಅಂಚುಗಳು ಹತ್ತಿರ ಬರುತ್ತವೆ, ಬುಡದಲ್ಲಿ ಹೊಸ ಮಾಂಸ ಮೊಳೆಯುತ್ತದೆ. ಡಬ್ಬಿಯಲ್ಲಿ ತಾಜಾ ರಕ್ತ ಕಂಡರೆ ಯಂತ್ರ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು, ಆಗ ಚಪ್ಪಾಳೆ ಇಲ್ಲ. ಗಡ್ಡೆಯ ಗಾಯವಾದರೆ, ಅಂಚಿನಲ್ಲಿ ರೋಗ ಉಳಿದಿಲ್ಲ ಎಂಬ ವರದಿ ಬರದೆ ಯಂತ್ರ ಮುಟ್ಟಬಾರದು. ಮುಖ್ಯವಾಗಿ, ಎಲ್ಲಿಂದಲೂ ಗಾಳಿ ಸೋರಬಾರದು, ಸೋರಿದರೂ ಯಂತ್ರ ಕೂಗುತ್ತದೆ. ಇಷ್ಟನ್ನು ಕೇಳಿದಾಗ ನಾನು ಎದೆ ಸೆಟೆಸಿ ಕೂತೆ. ಇದು ಪಂಕ್ಚರ್ ಅಂಗಡಿಯ ಕೆಲಸವೇ. ಇಷ್ಟು ವರ್ಷ ಇವರೆಲ್ಲ ಇಂಗ್ಲಿಷಿನಲ್ಲಿ ಓದಿ ಕೊನೆಗೆ ನನ್ನ ಹತ್ತಿರವೇ ಬಂದರಲ್ಲ ಎಂದುಕೊಂಡೆ.

ಆ ಹೆಮ್ಮೆ ಇಳಿಯಲು ಒಂದೇ ತಿಂಗಳು ಸಾಕಾಯಿತು. ಒಬ್ಬ ಅಮ್ಮನ ಬೆನ್ನಿನ ಗಾಯಕ್ಕೆ ಮೂರು ತುಂಡು ಸ್ಪಂಜು ಇಟ್ಟಿದ್ದೆ. ಬದಲಾಯಿಸುವಾಗ ಎರಡು ತೆಗೆದೆ. ಎರಡೇ ಇಟ್ಟದ್ದು ಎಂದು ಸಿಸ್ಟರೊಡನೆ ವಾದ ಮಾಡಿ ಗೆದ್ದೂ ಬಿಟ್ಟೆ. ಮುಂದಿನ ಸಲ ಡಾಕ್ಟರರು ಗಾಯದ ಮೂಲೆಯಿಂದ ಮೂರನೆಯದನ್ನು ಚಿಮಟಿಯಲ್ಲಿ ಎಳೆದು ನನ್ನ ಅಂಗೈಯಲ್ಲಿ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ಎಷ್ಟು ತುಂಡು ಇಟ್ಟೆನೆಂದು ಹಾಳೆಯ ಮೇಲೆಯೇ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯತೊಡಗಿದೆ. ಒಬ್ಬರ ಮೇಲೆ ೪ ಎಂದು ಬರೆದದ್ದನ್ನು ಕಂಡು ಅವರ ತಂಗಿ, ಅಣ್ಣನಿಗೆ ನಾಲ್ಕನೇ ಸಲ ಆಪರೇಷನ್ ಆಯಿತೆಂದು ಊರಿಗೆಲ್ಲ ಫೋನು ಮಾಡಿದಳು. ಆದರೂ ಬರೆಯಿರಿ. ಬರೆಯುವುದನ್ನು ಬಿಡಬೇಡಿ.

ಈಗ ಜಯನ ವಿಷಯ.

ನನ್ನ ನಿವೃತ್ತಿಗೆ ಎರಡು ಚಿಲ್ಲರೆ ವರ್ಷ ಬಾಕಿ ಇತ್ತು. ಜಯರಾಮ ಹೊಸಂಗಡಿಯಿಂದ ಪೈವಳಿಕೆ ಕಡೆಗೆ ಹೋಗುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಇಪ್ಪತ್ತು ವರ್ಷ ಹಿಂದಿನ ಬಾಗಿಲಿನ ಫುಟ್‌ಬೋರ್ಡಿನಲ್ಲಿ ಎಡಗಾಲು ಊರಿ, ಬಲಗಾಲನ್ನು ಗಾಳಿಗೆ ಬಿಟ್ಟು ನಿಂತವನು. ಅದೇ ಎಡ ತೊಡೆಯ ಹೊರಮಗ್ಗುಲಲ್ಲಿ ಒಂದು ಗಡ್ಡೆ ಎದ್ದಿತ್ತು. ಟಿಕೆಟಿನ ಚೀಲ ಬಡಿದು ಬಡಿದು ಊದಿದೆ ಎಂದು ಅವನು ಎರಡು ವರ್ಷ ಚೀಲವನ್ನೇ ಬೈಯುತ್ತಿದ್ದ. ಚೀಲವನ್ನು ಬಲಗಡೆಗೆ ಹಾಕಿದ ಮೇಲೆಯೂ ಗಡ್ಡೆ ಬೆಳೆದಾಗ ಅವನ ಹೆಂಡತಿ ಸುನಂದ ಎಳೆದುಕೊಂಡು ಬಂದಳು. ಪರೀಕ್ಷೆಯಲ್ಲಿ ಅದು ಕೆಟ್ಟ ಗಡ್ಡೆ ಎಂದಾಯಿತು. ಮಂಗಳೂರಿನಲ್ಲಿ ಡಾಕ್ಟರ್ ಪ್ರಸನ್ನ ಅದನ್ನು ಸುತ್ತಲಿನ ಮಾಂಸ ಸಮೇತ ತೆಗೆದರು. ಅಂಚು ಶುದ್ಧ ಎಂದು ವರದಿ ಬಂದ ಮೇಲೆ, ಮನೆಗೆ ಹತ್ತಿರ ಆಗಲೆಂದು ನಮ್ಮಲ್ಲಿಗೆ ಕಳಿಸಿದರು. ಹೊಂಡ ಎಷ್ಟಿತ್ತೆಂದರೆ ನನ್ನ ಮುಷ್ಟಿ ಇಟ್ಟರೆ ಕಾಣುತ್ತಿರಲಿಲ್ಲ. ಅದು ತುಂಬಿ ಕೆಂಪಾದರೆ ಇನ್ನೊಂದು ಕಾಲಿನ ಚರ್ಮ ತೆಗೆದು ಮುಚ್ಚುವುದು, ಆಮೇಲೆ ಗಡ್ಡೆ ಮತ್ತೆ ಬರದ ಹಾಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡುವ ಚಿಕಿತ್ಸೆ ಎಂದು ಡಾಕ್ಟರರು ಹೇಳಿದರು.

ಜಯ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದ. "ಫುಟ್‌ಬೋರ್ಡಿನಲ್ಲಿ ನಿಲ್ಲಲಿಕ್ಕೆ ಆಗ್ತದಾ ಡಾಕ್ಟ್ರೇ?"

"ಮೊದಲು ಗಾಯ ತುಂಬಲಿ ಮಾರಾಯ."

"ತುಂಬಿದ ಮೇಲೆ?"

"ತುಂಬಿದ ಮೇಲೆ ನೋಡುವ."

'ನೋಡುವ' ಎಂಬ ಮಾತು ಅವನಿಗೆ ಹಿಡಿಸಲಿಲ್ಲ. ಅದು ಅವನೇ ದಿನಾ ಚಿಲ್ಲರೆ ಕೇಳುವವರಿಗೆ ಹೇಳುವ ಮಾತು. ಅದರ ಅರ್ಥ ಅವನಿಗೆ ಗೊತ್ತಿತ್ತು.

ನಾನು ಯಂತ್ರ ಹಾಕಿದೆ. ಸ್ಪಂಜು ಎರಡು ತುಂಡು, ಹಾಳೆಯ ಮೇಲೆ ೨ ಎಂದು ಬರೆದೆ. ಒಂದು ಸುಕ್ಕು ಇಲ್ಲ. ಇಸ್ತ್ರಿ ಹಾಕಿದ ಹಾಗಿತ್ತು. ಯಂತ್ರ ಸಣ್ಣದು, ಭುಜಕ್ಕೆ ತೂಗುಹಾಕಲು ಪಟ್ಟಿ ಇತ್ತು. ಆದರೆ ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಅದು ಕೂಗಿತು. ಹಾಳೆ ತೊಡೆಸಂದಿನ ಹತ್ತಿರ ಬಿಟ್ಟಿತ್ತು. ತೇಪೆ ಹಾಕಿದೆ. ಅದರ ಮರುದಿನವೂ ಕೂಗಿತು, ಅದೇ ಹೊತ್ತಿಗೆ. ಇಡೀ ಡ್ರೆಸ್ಸಿಂಗ್ ಬದಲಾಯಿಸಿದೆ. ಮೂರನೆಯ ದಿನವೂ ಅದೇ.

"ಐತಪ್ಪನ ಕೈಗೆ ವಯಸ್ಸಾಯಿತು" ಎಂದರು ಏಲಿಯಮ್ಮ ಸಿಸ್ಟರ್. ಹಪ್ಪಳದ ಮಾತನ್ನಾದರೂ ಸಹಿಸಿಯೇನು, ಇದನ್ನು ಸಹಿಸಲು ಆಗಲಿಲ್ಲ.

ಮೊದಲು ರೋಮದ ಮೇಲೆ ಸಂಶಯಪಟ್ಟು ಅರ್ಧ ಹೊಟ್ಟೆಯ ತನಕ ಬೋಳಿಸಿದೆ. ಆಮೇಲೆ ಸುನಂದಳ ಮೇಲೆ ಸಂಶಯ ಬಂತು. ತುರಿಕೆ ಎಂದು ಕೆಲವು ಮನೆಯವರು ಕದ್ದು ಎಣ್ಣೆ ಹಚ್ಚುವುದುಂಟು. ಎಣ್ಣೆ ಸೋಕಿದರೆ ಹಾಳೆ ಅಂಟುವುದಿಲ್ಲ.

"ಎಣ್ಣೆ ಹಾಕಿದ್ದಿಯಾ?" ಎಂದು ಕೇಳಿದೆ.

"ಎಣ್ಣೆ ಹಾಕ್ಲಿಕ್ಕೆ ಅವರ ತೊಡೆ ಎಂತ ದೋಸೆಕಲ್ಲಾ ಅಣ್ಣ?" ಎಂದಳು. ಪಕ್ಕದ ಮಂಚದಲ್ಲಿ ಹರ್ನಿಯಾ ಆಪರೇಷನ್ ಆಗಿ ಮಲಗಿದ್ದ ಅದ್ರಾಮ ಬ್ಯಾರಿ ನಗಲು ಹೋಗಿ ಹೊಲಿಗೆ ಹಿಡಿದುಕೊಂಡು "ಅಯ್ಯಯ್ಯೋ" ಎಂದರು.

ಆಗ ನಾನು ನನ್ನ ಹಳೆಯ ವಿದ್ಯೆ ತೆಗೆದೆ. ಟ್ಯೂಬಿನ ತೂತು ಕಾಣದಿದ್ದರೆ ಪಂಕ್ಚರಿನವನು ಸಾಬೂನು ನೀರು ಹಚ್ಚುತ್ತಾನೆ, ಗುಳ್ಳೆ ಎದ್ದಲ್ಲಿ ತೂತು. ನಾನೂ ಒಂದು ಬಟ್ಟಲಲ್ಲಿ ನೊರೆ ಮಾಡಿ ಹಾಳೆಯ ಅಂಚಿಗೆಲ್ಲ ಧಾರಾಳವಾಗಿ ಹಚ್ಚಿದೆ. ಗುಳ್ಳೆಗಾಗಿ ಕಾದೆ. ಒಂದೂ ಏಳಲಿಲ್ಲ. ಬದಲಿಗೆ ಸಾಬೂನು ನೀರು ಮೆಲ್ಲನೆ ಕಾಣೆಯಾಯಿತು. ಟ್ಯೂಬಿನಲ್ಲಿ ಗಾಳಿ ಒಳಗಿನಿಂದ ಹೊರಗೆ ಬರುತ್ತದೆ, ಇಲ್ಲಿ ಹೊರಗಿನಿಂದ ಒಳಗೆ ಹೋಗುತ್ತದೆ ಎಂಬ ವಿಷಯ ನನಗೆ ಹೊಳೆಯುವಾಗ ಡಬ್ಬಿಯ ತುಂಬ ನೊರೆ ಉಕ್ಕಿತ್ತು. ಅಂದು ಮಂಗಳವಾರ. ಡಾಕ್ಟರರು ಅದೇ ಹೊತ್ತಿಗೆ ಬಂದರು.

ಡಬ್ಬಿಯನ್ನು ನೋಡಿದರು. ಜಯನನ್ನು ನೋಡಿದರು. "ಐತಪ್ಪ, ಇವ ಎಂತ ಬಿಯರ್ ಬಿಡ್ತಾ ಇದ್ದಾನಾ?"

ನಾನು ಬಟ್ಟಲನ್ನು ಬೆನ್ನ ಹಿಂದೆ ಹಿಡಿದಿದ್ದೆ. ಏಲಿಯಮ್ಮ ಸಿಸ್ಟರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಮುಂದಿನದನ್ನು ಬರೆಯುವುದಿಲ್ಲ.

ಗಾಯ ತೆರೆದು ತೊಳೆದು ನೋಡಿದ ಮೇಲೆ ಡಾಕ್ಟರರ ತಮಾಷೆ ನಿಂತಿತು. ಬುಡ ಕೆಂಪಾಗುವ ಬದಲು ಮಂಕಾಗಿತ್ತು, ಒಂದು ಮೂಲೆಯಲ್ಲಿ ಹಳದಿ. ನನ್ನನ್ನು ಹೊರಗೆ ಕರೆದು ಹೇಳಿದರು: "ದಿನಾ ಹೀಗೆ ಗಾಳಿ ಬಿಟ್ಟರೆ ಚರ್ಮ ಹಾಕಿದ್ರೂ ಹಿಡಿಯುದಿಲ್ಲ. ಪಸ್ ಒಳಗೆ ಇಳಿದ್ರೆ ಕಾಲು ಉಳಿಸುದೇ ಕಷ್ಟ. ಕರೆಂಟ್ ಚಿಕಿತ್ಸೆಯೂ ತಡ ಆಗ್ತದೆ. ಇನ್ನು ಶುಕ್ರವಾರ ನೋಡ್ತೇನೆ. ಆಗಲೂ ಹೀಗೇ ಇದ್ರೆ ಮಂಗಳೂರಿಗೆ ಕರ್ಕೊಂಡು ಹೋಗಿ ಬೇರೆ ದಾರಿ ನೋಡ್ಬೇಕು."

ಬಾಗಿಲಿನ ಹತ್ತಿರ ಸುನಂದ ನಿಂತು ಕೇಳಿಸಿಕೊಂಡಿದ್ದಳು. ದೋಸೆಕಲ್ಲಿನ ಮಾತು ಆಡಿದವಳು ಈಗ ಸೀರೆಯ ಸೆರಗಿನಿಂದ ಬಾಗಿಲಿನ ಚಿಲಕವನ್ನು ಒರೆಸುತ್ತ ನಿಂತಳು.

ಹೊಸದಾಗಿ ಹಾಕಿದೆ. ಈ ಸಲ ಕಿವಿಯಿಂದ ಪರೀಕ್ಷೆ. ಸೋರುವ ಕಡೆ ಬಹಳ ಸಣ್ಣ 'ಸ್ಸ್' ಕೇಳಿಸುತ್ತದೆ, ಬೆರಳಿಟ್ಟರೆ ನಿಲ್ಲುತ್ತದೆ. ನಾನು ಜಯನ ತೊಡೆಗೆ ಕಿವಿ ಇಟ್ಟು ಕಣ್ಣು ಮುಚ್ಚಿ ಇಂಚಿಂಚಾಗಿ ಕೇಳುತ್ತ ಹೋದೆ. ಕಣ್ಣು ತೆರೆದಾಗ ಜಯನ ಅತ್ತೆ ಹಣ್ಣಿನ ಚೀಲ ಹಿಡಿದು ಮಂಚದ ಬುಡದಲ್ಲಿ ನಿಂತಿದ್ದರು. ಚೀಲ ಅಲ್ಲೇ ಇಟ್ಟು ಹಿಂದೆ ಹೋದವರು ಮತ್ತೆ ವಾರ್ಡಿಗೆ ಬರಲಿಲ್ಲ. ಇರಲಿ. ಎಲ್ಲೂ ಸದ್ದಿರಲಿಲ್ಲ. ಇದು ಇನ್ನು ಬಿಡುವುದಿಲ್ಲ ಎಂದು ಎದ್ದೆ.

ಬುಧವಾರ ಊಟದ ಹೊತ್ತು. ಸುನಂದ ಬಟ್ಟೆ ಒಗೆಯಲು ಹೋಗಿದ್ದಳು. ಸಿಸ್ಟರುಗಳು ಊಟಕ್ಕೆ ಹೋಗಿದ್ದರು. ನಾನೂ ಹೋದವನ ಹಾಗೆ ಮಾಡಿ, ಹಿಂದಿನ ಬಾಗಿಲಿನಿಂದ ಬಂದು ಹಸಿರು ಪರದೆಯ ಹಿಂದೆ ನಿಂತೆ.

ಜಯ ಎದ್ದ. ಯಂತ್ರವನ್ನು ಟಿಕೆಟಿನ ಚೀಲದ ಹಾಗೆ ಹೆಗಲಿಗೆ ಅಡ್ಡ ಹಾಕಿಕೊಂಡ. ಮಂಚ ಹತ್ತಲು ಇಡುವ ಎರಡು ಮೆಟ್ಟಿಲಿನ ಕಬ್ಬಿಣದ ಸ್ಟೂಲನ್ನು ಕಾಲಲ್ಲಿ ಎಳೆದು, ಅದರ ಕೆಳಗಿನ ಮೆಟ್ಟಿಲಿಗೆ ಎಡಗಾಲು ಇಟ್ಟ. ಗ್ಲುಕೋಸ್ ತೂಗುಹಾಕುವ ಕಂಬವನ್ನು ಒಂದು ಕೈಯಲ್ಲಿ ಹಿಡಿದ. ಬಲಗಾಲನ್ನು ಗಾಳಿಗೆ ಬಿಟ್ಟ. ಮೈಯನ್ನು ಹೊರಗೆ ಚಾಚಿದ.

"ಪೈವಳಿಕೆ, ಪೈವಳಿಕೆ, ಪೈವಳಿಕೆ" ಎಂದ ಮೆಲ್ಲನೆ. "ಒಳಗೆ ಹೋಗಿ, ಒಳಗೆ ಜಾಗ ಉಂಟು."

"ಎಲ್ಲಿ ಉಂಟು ಜಾಗ?" ಎಂದರು ಅದ್ರಾಮ ಬ್ಯಾರಿ ಮಲಗಿದಲ್ಲಿಂದಲೇ. "ಉಸಿರು ಬಿಡ್ಲಿಕ್ಕೆ ಜಾಗ ಇಲ್ಲ. ನನಗೆ ಬಾಯಾರು ಸ್ಟಾಪಿನಲ್ಲಿ ಇಳೀಲಿಕ್ಕುಂಟು, ಮರೀಬೇಡ."

"ಬ್ಯಾರಿಗಳೇ, ಈಗ ತಿರುವು ಬರ್ತದೆ, ಹಿಡ್ಕೊಳ್ಳಿ."

ಬ್ಯಾರಿಗಳು ಮಂಚದ ಸರಳನ್ನು ಹಿಡಿದುಕೊಂಡರು. ಜಯ ತಿರುವಿಗೆ ಬೇಕಾದಷ್ಟು ಸೊಂಟ ಬಗ್ಗಿಸಿ, ಮಂಡಿ ಮಡಚಿ, ಮೈ ಎಲ್ಲ ಎಡಗಾಲಿಗೆ ಬಿಟ್ಟ. 'ಸ್ಸ್' ಎಂದಿತು. ಯಂತ್ರ ಕೂಗಿತು. ಇಬ್ಬರೂ ಒಟ್ಟಿಗೆ ಬಾಗಿಲಿನ ಕಡೆ ನೋಡಿದರು. ಜಯ ನೆಗೆಯಲಾರದೆ ನೆಗೆದು ಮಂಚಕ್ಕೆ ಬಿದ್ದು, ಹೊದಿಕೆ ಎಳೆದು, ಕಣ್ಣು ಮುಚ್ಚಿದ. ಬ್ಯಾರಿಗಳು ಗೊರಕೆ ಶುರು ಮಾಡಿದರು. ಯಂತ್ರ ಮಾತ್ರ ನಿಜ ಹೇಳುತ್ತಲೇ ಇತ್ತು.

ನಾನು ಪರದೆ ಸರಿಸಿದೆ. ನಾವಿಬ್ಬರೂ ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ತುಳುವಿನಲ್ಲಿ ಅಂದದ್ದರಲ್ಲಿ ಅರ್ಧ ಇಲ್ಲಿ ಬರೆಯುವಂಥದ್ದಲ್ಲ.

"ನಿನಗೆ ತಲೆ ಸರಿ ಉಂಟಾ? ನಾಲ್ಕು ದಿನದಿಂದ ನಾನು ನನ್ನ ಕೈಯನ್ನು ಬೈತಾ ಇದ್ದೇನೆ! ನಿನ್ನ ಹೆಂಡತಿಯನ್ನು ಬೈದೆ! ಕಂಪೆನಿಯವನನ್ನು ಫೋನಿನಲ್ಲಿ ಬೈದೆ!"

"ಒಂದು ಟ್ರಿಪ್ಪು ಮಾತ್ರ ಐತಪ್ಪಣ್ಣ."

"ದಿನಾ ಒಂದಾ?"

"ಹೋಗುದು ಒಂದು" ಎಂದರು ಬ್ಯಾರಿಗಳು ಗೊರಕೆ ನಿಲ್ಲಿಸಿ. "ಬರುವಾಗ ಗಾಳಿ ಹೋಗಿರ್ತದೆ."

ಜಯ ಸೂರು ನೋಡುತ್ತ ಹೇಳಿದ. "ಬೈಬೇಡಿ ಅಣ್ಣ. ಅಷ್ಟು ಮಾಂಸ ತೆಗೆದಿದ್ದಾರೆ. ಉಳಿದದ್ದು ನನ್ನನ್ನು ಹಿಡೀತದಾ ಇಲ್ವಾ ಅಂತ ಯಾರೂ ಹೇಳುದಿಲ್ಲ. ನೋಡುವ, ನೋಡುವ ಅಂತಾರೆ. ಬಸ್ಸಿಗೆ ಹೋದ ದಿನ ಗೊತ್ತಾದ್ರೆ ನಾನು ರೋಡಿನಲ್ಲಿರ್ತೇನೆ. ಅದಕ್ಕೆ ಇಲ್ಲೇ ನೋಡಿದ್ದು."

"ಹಿಡೀತಾ?"

"ಮೊದಲ ದಿನ ನಡುಗಿತು. ಇವತ್ತು ತಿರುವಿನಲ್ಲಿಯೂ ನಿಂತಿತು. ನೀವು ನೋಡಿದ್ದೀರಲ್ಲ?"

ನಾನು ನೋಡಿದ್ದೆ. ನಿಂತದ್ದು ಹೌದು. ಬೈಗುಳವನ್ನು ಪಕ್ಕದ ಮಂಚಕ್ಕೆ ತಿರುಗಿಸಿ, "ಬ್ಯಾರಿಗಳೇ, ನೀವು ದೊಡ್ಡವರು, ನಿಮಗಾದರೂ ಬುದ್ಧಿ ಬೇಡ್ವಾ?" ಎಂದೆ.

"ನಾನು ಪ್ಯಾಸೆಂಜರ್" ಎಂದರು ಅವರು. "ನನ್ನ ಮಾತು ಕಂಡಕ್ಟರ್ ಯಾವತ್ತು ಕೇಳಿದ್ದಾನೆ?"

ತೇಪೆ ಹಾಕುತ್ತ ಕೂತಾಗ ನನಗೆ ನನ್ನ ತಪ್ಪು ಕಂಡಿತು. ನಾನು ಪ್ರತಿಸಲವೂ ಅವನನ್ನು ಮಲಗಿಸಿ, ಕಾಲು ನೇರ ಚಾಚಿಸಿ ಹಾಳೆ ಅಂಟಿಸುತ್ತಿದ್ದೆ. ಮಲಗಿದ ಕಾಲಿಗೆ ಅಂಟಿಸಿದ ಹಾಳೆ ಮಲಗಿದ ಕಾಲಿಗೇ ಸರಿ. ಸೊಂಟ ಬಗ್ಗಿದಾಗ ಸಂದಿನಲ್ಲಿ ಚರ್ಮ ಎಳೆಯುತ್ತದೆ, ಒಂದೇ ದೊಡ್ಡ ಹಾಳೆಗೆ ಬಗ್ಗಲು ದಾರಿ ಇಲ್ಲ, ಬಿಡುತ್ತದೆ. ಇವನು ಫುಟ್‌ಬೋರ್ಡು ಹತ್ತದಿದ್ದರೂ ಪಾಯಿಖಾನೆಗೆ ಹೋಗುವಾಗ ಒಂದು ದಿನ ಬಿಟ್ಟೇ ಬಿಡುತ್ತಿತ್ತು.

ಡಾಕ್ಟರರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಮೊದಲು ಕೆಮ್ಮಿದ ಹಾಗೆ ಶಬ್ದ ಬಂತು. ಅವರು ನಗುತ್ತಿದ್ದರೆಂದು ಆಮೇಲೆ ಗೊತ್ತಾಯಿತು. "ನಡೆಯುದು, ನಿಲ್ಲುದು ಒಳ್ಳೆಯದೇ. ನೇತಾಡುದು ಬೇಡ. ಆದರೆ ನೀವು ಹೇಳಿದ ಹಾಗೆ ನಿಲ್ಲಿಸಿ ಅಂಟಿಸಿ ನೋಡಿ" ಎಂದರು.

ಹಾಗೆ ಗುರುವಾರ ಬೆಳಿಗ್ಗೆ ವಾರ್ಡಿನ ನಡುವೆ ಜಯನನ್ನು ಸ್ಟೂಲಿಗೆ ಹತ್ತಿಸಿದೆವು. ಕಂಬ ಅಲ್ಲಾಡದ ಹಾಗೆ ಏಲಿಯಮ್ಮ ಸಿಸ್ಟರೇ ಹಿಡಿದು ನಿಂತರು. "ಎಂಡೆ ದೈವಮೇ, ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಇದೊಂದು ಬಾಕಿ ಇತ್ತು" ಎಂದು ಗೊಣಗಿದರು. ನಾನು ಹಾಳೆಯನ್ನು ಎರಡೆರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಜಯ ಸೊಂಟ ಬಗ್ಗಿಸಿ ನಿಂತ ಹಾಗೆಯೇ, ಒಂದರ ಮೇಲೊಂದು ಸ್ವಲ್ಪ ಏರುವಂತೆ ಮನೆಗೆ ಹಂಚು ಹೊದಿಸಿದ ಹಾಗೆ ಅಂಟಿಸುತ್ತ ಹೋದೆ. ನಳಿಗೆಯನ್ನು ಸಂದಿನಿಂದ ದೂರ, ಹೊರಮಗ್ಗುಲಿಗೆ ತಂದೆ. ಸ್ವಿಚ್ ಹಾಕಿದೆ. ಸ್ಪಂಜು ಕುಗ್ಗಿತು.

"ಈಗ ತಿರುವು" ಎಂದೆ.

ಜಯ ಬಗ್ಗಿದ. ವಾರ್ಡೆಲ್ಲ ಕಿವಿಗೊಟ್ಟಿತು. ಸದ್ದಿಲ್ಲ.

"ಇನ್ನೊಂದು ತಿರುವು."

ಸದ್ದಿಲ್ಲ.

"ನನಗೆ ಬಾಯಾರಿನಲ್ಲಿ..." ಎಂದರು ಬ್ಯಾರಿಗಳು. "ಮಿಂಡಾದೆ ಕಿಡಕ್ಕ್!" ಎಂದರು ಸಿಸ್ಟರ್. ಸುಮ್ಮನೆ ಮಲಗು ಎಂದು ಅರ್ಥ.

ಶುಕ್ರವಾರ ಡಾಕ್ಟರರು ನೋಡಿದಾಗ ಹಳದಿ ಕಡಿಮೆಯಾಗಿತ್ತು. ಮಂಗಳೂರಿನ ಮಾತು ಎತ್ತಲಿಲ್ಲ. ಇನ್ನೂ ಎರಡು ಸಲ ಬದಲಾಯಿಸಿದ ಮೇಲೆ ಹೊಂಡದ ಬುಡ ಕತ್ತರಿಸಿದ ಕಲ್ಲಂಗಡಿಯ ಹಾಗೆ ಕೆಂಪಾಗಿ ಮೇಲಕ್ಕೆ ಬಂತು. ಬಲ ತೊಡೆಯಿಂದ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಚರ್ಮ ತೆಗೆದು ಅದರ ಮೇಲೆ ಹಾಸಿದರು. ಚರ್ಮ ಜಾರದ ಹಾಗೆ ಮೇಲಿನಿಂದ ಅಂಟಿಕೊಳ್ಳದ ಒಂದು ಬಲೆಬಟ್ಟೆ, ಅದರ ಮೇಲೆ ಮತ್ತೆ ಸ್ಪಂಜು, ಯಂತ್ರ.

ಅಲ್ಲಿಂದ ಇನ್ನೊಂದು ಪೇಚು ಶುರುವಾಯಿತು. "ಐದು ದಿನ ಈ ಕಾಲು ಅಲ್ಲಾಡಬಾರದು" ಎಂದರು ಡಾಕ್ಟರರು. "ಅಲ್ಲಾಡಿದ್ರೆ ಚರ್ಮ ಸತ್ತುಹೋಗ್ತದೆ. ಅಷ್ಟೂ ದಿನದ ಕೆಲಸ ನೀರಿಗೆ."

ಇಪ್ಪತ್ತು ವರ್ಷ ಕೂತೇ ಗೊತ್ತಿಲ್ಲದ ಮನುಷ್ಯನನ್ನು ಐದು ದಿನ ಮಲಗಿಸುವುದು ಹೇಗೆ? ಸುನಂದ ಸ್ಟೂಲನ್ನು ತನ್ನ ಚಾಪೆಯ ಹತ್ತಿರ ಇಟ್ಟು ಅದರ ಕಾಲನ್ನು ಹಿಡಿದು ಮಲಗಿದಳು. ಆದರೂ ಮೊದಲ ದಿನವೇ ಅವನ ಮಂಡಿ ತಾನಾಗಿ ಏಳುತ್ತಿತ್ತು. ವಾರ್ಡಿನ ಹೊರಗೆ ಹೈವೇಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಸೊಂಟ ಅಲುಗುತ್ತಿತ್ತು. ನಾನು ಯೋಚನೆ ಮಾಡಿ ಅವನ ಕೈಗೆ ಒಂದು ಸ್ಟೀಲಿನ ಚಮಚ ಕೊಟ್ಟೆ.

"ಜಯ, ವಾರ್ಡಿನಲ್ಲಿ ತಳ್ಳುಗಾಡಿ ಹೋಗಿ ಬರುವುದಕ್ಕೆ ಒಂದು ವ್ಯವಸ್ಥೆ ಇಲ್ಲ. ನೀನು ಮಲಗಿದಲ್ಲಿಂದ ನೋಡ್ಕೊ. ಮಂಚದ ಸರಳಿಗೆ ಒಂದು ಬಡಿದರೆ ನಿಲ್ಲುದು, ಎರಡು ಬಡಿದರೆ ಹೋಗುದು. ಕಾಲು ಅಲ್ಲಾಡಿದ್ರೆ ಚಮಚ ವಾಪಸ್."

ಅವನು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡನೆಂದರೆ ಮೂರನೆಯ ದಿನಕ್ಕೆ ಇಡೀ ವಾರ್ಡು ಅವನ ಚಮಚಕ್ಕೆ ನಡೆಯುತ್ತಿತ್ತು. ಎಕ್ಸ್‌ರೇಗೆ ಹೋಗುವವರು ಎಡಕ್ಕೆ, ಊಟದ ಗಾಡಿ ಬಲಕ್ಕೆ. "ಇದು ಆಸ್ಪತ್ರೆಯಾ ಬಸ್ ಸ್ಟ್ಯಾಂಡಾ?" ಎಂದು ಏಲಿಯಮ್ಮ ಸಿಸ್ಟರ್ ಮದ್ದಿನ ಗಾಡಿ ತಳ್ಳಿಕೊಂಡು ಬಂದರು. ಟಣ್ ಎಂದು ಒಂದು ಬಡಿತ ಕೇಳಿಸಿತು. ಸಿಸ್ಟರ್ ನಿಂತರು. ಮೂಲೆಯಿಂದ ಸ್ಟ್ರೆಚರ್ ದಾಟಿತು. ಟಣ್ ಟಣ್. ಸಿಸ್ಟರ್ ಹೊರಟರು. ನಾಲ್ಕು ಹೆಜ್ಜೆ ಹೋದ ಮೇಲೆ ತಾವು ಏನು ಮಾಡಿದೆವೆಂದು ಅವರಿಗೆ ಗೊತ್ತಾಗಿ ತಿರುಗಿ ನೋಡಿದರು. ಯಾರೂ ನಗಲಿಲ್ಲ. ಅಷ್ಟು ಧೈರ್ಯ ನಮಗಿರಲಿಲ್ಲ.

ಐದನೆಯ ದಿನ ತೆರೆಯುವ ಕೆಲಸ ನನ್ನದು. ಅದ್ರಾಮ ಬ್ಯಾರಿಗಳನ್ನು ಮನೆಗೆ ಕಳಿಸಿ ಎರಡು ದಿನವಾಗಿತ್ತು. ಇದನ್ನು ನೋಡಲಿಕ್ಕೆಂದು ಹೊಲಿಗೆ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಸುನಂದ ಗೋಡೆಗೆ ಮುಖ ಮಾಡಿ ನಿಂತಳು. ಯಂತ್ರ ನಿಲ್ಲಿಸಿ, ಸ್ಪಂಜಿಗೆ ಉಪ್ಪುನೀರು ಬಿಟ್ಟು ನೆನೆಯಲು ಕಾದೆ. ಅವಸರ ಮಾಡಿದರೆ ಚರ್ಮವೂ ಸ್ಪಂಜಿನ ಜೊತೆ ಎದ್ದು ಬರುತ್ತದೆ. ಹಾಳೆಯ ಮೇಲೆ ೧ ಎಂದಿತ್ತು. ಒಂದು ತುಂಡು ತೆಗೆದೆ. ಬಲೆಯ ಮೂಲೆಯನ್ನು ಚಿಮಟಿಯಲ್ಲಿ ಹಿಡಿದು, ಮಲಗಿದ ಮಗುವಿನ ಹೊದಿಕೆ ಸರಿಸಿದ ಹಾಗೆ ಸರಿಸಿದೆ.

ಡಾಕ್ಟರರು ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಬಿಳಿಯಾಯಿತು. ಬಿಟ್ಟರು. ಮೆಲ್ಲನೆ ಕೆಂಪು ತಿರುಗಿ ಬಂತು. ಇನ್ನೊಂದು ಕಡೆ ಒತ್ತಿದರು. ಅಲ್ಲಿಯೂ ಬಂತು. ಸಂದಿನ ಹತ್ತಿರ ಹುಣಸೆಬೀಜದಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ಹಿಡಿದಿತ್ತು.

"ಹಿಡಿದಿದೆ" ಎಂದರು.

"ಎಂತ ಹೇಳಿದ್ರು?" ಎಂದಳು ಸುನಂದ ಗೋಡೆಗೆ.

"ಹಿಡಿದಿದೆ ಅಂತೆ!" ಎಂದು ಬ್ಯಾರಿಗಳು ಕೂಗಿ ಹೊಟ್ಟೆ ಹಿಡಿದುಕೊಂಡರು.

ಜಯ ಕೇಳಿದ್ದು ಹಳೆಯ ಪ್ರಶ್ನೆಯೇ. ಈ ಸಲ ಡಾಕ್ಟರರು 'ನೋಡುವ' ಎನ್ನಲಿಲ್ಲ. "ಆಗ್ತದೆ. ಸಮಯ ಬೇಕು" ಎಂದರು.

ಕರೆಂಟು ಚಿಕಿತ್ಸೆ, ವ್ಯಾಯಾಮ ಎಲ್ಲ ಸೇರಿ ಎಂಟು ತಿಂಗಳಾಯಿತು. ಅವನು ಕೆಲಸಕ್ಕೆ ವಾಪಸಾಗುವಷ್ಟರಲ್ಲಿ ಧಣಿಗಳು ಹಳೆಯ ಬಸ್ಸು ಮಾರಿ ಹೊಸದು ತಂದಿದ್ದರು. ಅದರ ಹಿಂದಿನ ಬಾಗಿಲು ಡ್ರೈವರ್ ಒಂದು ಗುಂಡಿ ಒತ್ತಿದರೆ ತಾನಾಗಿ ಮುಚ್ಚುವಂಥದ್ದು. ಹೊರಗೆ ನೇತಾಡಲು ಜಾಗವೇ ಇಲ್ಲ. ನಾನು ನಿವೃತ್ತನಾದ ಮೇಲೆ ಒಂದು ದಿನ ಆ ಬಸ್ಸು ಹತ್ತಿದೆ.

"ಎಂತ ಅವಸ್ಥೆ ನೋಡಿ ಐತಪ್ಪಣ್ಣ!" ಎಂದ ಜಯ. "ನಾನು ಅಷ್ಟು ಪ್ರಾಕ್ಟೀಸ್ ಮಾಡಿದ್ದು ಎಂತಕ್ಕೆ? ಈಗ ಬಾಗಿಲು ಹಾಕಿ ಕಪಾಟಿನಲ್ಲಿ ಇಟ್ಟ ಹಾಗೆ ಇಡ್ತಾರೆ." ಮರುಕ್ಷಣವೇ ನನ್ನ ಬೆನ್ನಿಗೆ ಕೈ ಹಾಕಿ ತಳ್ಳಿದ. "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ."

ನಾನು ಒಳಗೆ ಹೋಗಿ ಸೀಟಿನ ಕಂಬಕ್ಕೆ ಒರಗಿ ಹಿಂದೆ ನೋಡಿದೆ. ಅವನು ಮುಚ್ಚಿದ ಬಾಗಿಲಿನ ಒಳಗಿನ ಮೆಟ್ಟಿಲಲ್ಲಿ ಎಡಗಾಲು ಊರಿದ್ದ. ಆ ಕಾಲು ಇನ್ನೊಂದಕ್ಕಿಂತ ಸ್ವಲ್ಪ ಸಪೂರ, ಪ್ಯಾಂಟಿನಲ್ಲಿಯೂ ಗೊತ್ತಾಗುತ್ತದೆ. ದೊಡ್ಡ ತಿರುವು ಬಂತು. ಬಸ್ಸಿನವರೆಲ್ಲ ಒಂದು ಕಡೆಗೆ ವಾಲಿದರು, ನಾನೂ ವಾಲಿದೆ. ಅವನ ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದರಲ್ಲಿ ಒಬ್ಬ ಅಜ್ಜಿಯ ಚೀಲ. ಏನನ್ನೂ ಹಿಡಿದುಕೊಂಡಿರಲಿಲ್ಲ. ಕಾಲು ನಿಂತಿತು.

ಈಗ ನನ್ನಲ್ಲಿ ಇರುವುದು ಇಷ್ಟು. ಹೆಂಡತಿ ಒಬ್ಬಳು. ಮಗಳು ಒಬ್ಬಳು, ಮೊಮ್ಮಕ್ಕಳು ಇಬ್ಬರು. ಬಿಳಿ ಅಂಗಿ ಮೂರು. ತುದಿ ಮೊಂಡಾದ ಕತ್ತರಿ ಒಂದು, ಅದರಲ್ಲಿ ಬಸಳೆ ಕೊಯ್ಯುತ್ತೇವೆ. ಕನ್ನಡಕ ಎರಡು, ಒಂದು ಎಲ್ಲಿದೆಯೋ ಗೊತ್ತಿಲ್ಲ. ನೋಯುವ ಮಂಡಿ ಒಂದು. ಜಯ ಮೊದಲು ಮೂರು ತಿಂಗಳಿಗೊಮ್ಮೆ, ಈಗ ಆರು ತಿಂಗಳಿಗೊಮ್ಮೆ ಗಡ್ಡೆ ಮತ್ತೆ ಬಂದಿದೆಯಾ ಎಂಬ ಪರೀಕ್ಷೆಗೆ ಮಂಗಳೂರಿಗೆ ಹೋಗುತ್ತಾನೆ. ಡಾಕ್ಟರರ ಕೋಣೆಯಿಂದ ಹೊರಗೆ ಬಂದ ಕೂಡಲೆ ನನಗೆ ಫೋನು ಮಾಡಿ, "ಐತಪ್ಪಣ್ಣ, ಎಂತ ಇಲ್ಲ ಅಂತೆ" ಎಂದು ಹೇಳಿ ಇಡುತ್ತಾನೆ. ಅಂಥ ಫೋನು ಈ ತನಕ ಹನ್ನೊಂದು.